ಸಣ್ಣ ಬ್ಯಾಚಿನ ಕೆನಡಾ ರೈಫಲ್: ಆ ಬೆಲೆ ಕೊಡಬೇಕೇ?

ಕೆನಡಾದ ಕಾನೂನಿನಲ್ಲಿ ಬಂದೂಕಿಗೆ ಮೂರು ವರ್ಗ: ನಾನ್-ರಿಸ್ಟ್ರಿಕ್ಟೆಡ್ (ನಿರ್ಬಂಧವಿಲ್ಲದ್ದು), ರಿಸ್ಟ್ರಿಕ್ಟೆಡ್ (ನಿರ್ಬಂಧಿತ), ಪ್ರೊಹಿಬಿಟೆಡ್ (ನಿಷೇಧಿತ). ಮೊದಲ ವರ್ಗದ್ದಕ್ಕೆ ಸಾಮಾನ್ಯ ಪಿಎಎಲ್ (ಬಂದೂಕು ಕೊಂಡು ಇಟ್ಟುಕೊಳ್ಳುವ ಲೈಸೆನ್ಸ್) ಸಾಕು, ಬೇಟೆಗೂ ಒಯ್ಯಬಹುದು. ಎಆರ್-15 ರೈಫಲ್ 2020ರವರೆಗೆ ರಿಸ್ಟ್ರಿಕ್ಟೆಡ್ ಆಗಿತ್ತು, ಅಂದರೆ ಶೂಟಿಂಗ್ ರೇಂಜ್‌ನಲ್ಲಿ ಮಾತ್ರ ಬಳಸಬೇಕಿತ್ತು. ಅದೇ ತರಹದ ಸೆಮಿ-ಆಟೋಮ್ಯಾಟಿಕ್ ರೈಫಲ್ (ಟ್ರಿಗರ್ ಎಳೆದಾಗಲೆಲ್ಲ ಒಂದು ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳುವುದು) ಬೇಕು, ಆದರೆ ಮೊದಲ ವರ್ಗದಲ್ಲೇ ಇರಬೇಕು ಎನ್ನುವವರಿಗಾಗಿ ಕೆಲವು ಸಣ್ಣ ಕೆನಡಾ ವರ್ಕ್‌ಶಾಪ್‌ಗಳು ತಾವೇ ರೈಫಲ್ ಮಾಡಲು ಶುರು ಮಾಡಿದವು. ಕೆಲವಕ್ಕೆ ಸುಮಾರು ಸಾವಿರ ಡಾಲರ್, ಕೆಲವಕ್ಕೆ ಅದರ ಎರಡು ಮೂರು ಪಟ್ಟು. 2020ರಿಂದ ಸರ್ಕಾರ ಇಂಥ ರೈಫಲ್‌ಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂತು, 2024ರ ಡಿಸೆಂಬರ್ ನಂತರ ಆ ಪಟ್ಟಿಯ ಹೊರಗೆ ಉಳಿದವು ಕಡಿಮೆ. ಆದರೂ ಅಷ್ಟು ದುಡ್ಡು ಕೊಡುವುದು ಸರಿಯೇ ಎಂಬ ಪ್ರಶ್ನೆ ಹಾಗೇ ಇದೆ. ಇಬ್ಬರ ಉತ್ತರ ಇಲ್ಲಿದೆ.

ಪರ: ಆ ಬೆಲೆ ಸುಮ್ನೆ ಹಾಕಿದ್ದಲ್ಲ

ನಾನು ಬೆಂಗಳೂರಿನ ಪೀಣ್ಯದಲ್ಲಿ ಆರು ವರ್ಷ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ ಮುಂದೆ ನಿಂತವನು. ಈಗ ಒಂಟಾರಿಯೋದಲ್ಲಿ ಅದೇ ಕೆಲಸ ಮಾಡುತ್ತೇನೆ. ಹಾಗಾಗಿ "ಅಮೆರಿಕದಲ್ಲಿ ಇದರ ಅರ್ಧ ಬೆಲೆಗೆ ಸಿಗುತ್ತೆ" ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಇನ್ನೂರು ಪೀಸ್ ಜಾಬ್ ವರ್ಕ್‌ಗೂ ಎರಡು ಲಕ್ಷ ಪೀಸ್ ಆರ್ಡರ್‌ಗೂ ಒಂದೇ ರೇಟ್ ಹೇಳಲು ಯಾವ ವರ್ಕ್‌ಶಾಪ್‌ಗೂ ಆಗುವುದಿಲ್ಲ. ಪ್ರೋಗ್ರಾಂ ಬರೆಯಬೇಕು, ಫಿಕ್ಸ್ಚರ್ ಮಾಡಬೇಕು, ಸೆಟ್ಟಿಂಗ್ ಮಾಡಬೇಕು, ಮೊದಲ ಪೀಸ್ ಅಳೆದು ನೋಡಿ ತಪ್ಪಿದ್ದರೆ ಬಿಸಾಡಿ ಮತ್ತೆ ಮಾಡಬೇಕು, ಇದಿಷ್ಟೂ ಒಂದು ಪೀಸ್ ಮಾಡಿದರೂ ಅಷ್ಟೇ ಸಾವಿರ ಮಾಡಿದರೂ ಅಷ್ಟೇ. ಆ ಖರ್ಚು ಇನ್ನೂರು ಜನರ ಮೇಲೆ ಬಿದ್ದರೆ ತಲೆಗೆ ಎಷ್ಟು ಬೀಳುತ್ತದೆ, ಲೆಕ್ಕ ಹಾಕಿ ನೋಡಿ.

ಬ್ಯಾರೆಲ್ ವಿಷಯ ತೆಗೆದುಕೊಳ್ಳಿ. ಅಮೆರಿಕದಲ್ಲಿ ರೈಫಲ್ ಬ್ಯಾರೆಲ್ ಕನಿಷ್ಠ 16 ಇಂಚು ಇರಬೇಕು ಅನ್ನುವುದು ಕಾನೂನು, ಅದಕ್ಕೇ ಅಲ್ಲಿನ ಮಾರುಕಟ್ಟೆ ತುಂಬಾ 16 ಇಂಚಿನ ಬ್ಯಾರೆಲ್‌ಗಳು. ಕೆನಡಾದಲ್ಲಿ ಸೆಂಟರ್‌ಫೈರ್ (ಗುಂಡಿನ ಹಿಂಬದಿಯ ನಡುವೆ ಕಿಡಿ ಹೊತ್ತಿಸುವ ಭಾಗ ಇರುವ) ಸೆಮಿ-ಆಟೋ ನಾನ್-ರಿಸ್ಟ್ರಿಕ್ಟೆಡ್ ಆಗಬೇಕಾದರೆ ಬ್ಯಾರೆಲ್ 470 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಅಂದರೆ 18.5 ಇಂಚು. ಎರಡೂವರೆ ಇಂಚಿನ ವ್ಯತ್ಯಾಸ, ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಆ ಎರಡೂವರೆ ಇಂಚಿನಿಂದಾಗಿ ಅಲ್ಲಿ ರಾಶಿ ಬಿದ್ದಿರುವ ಅಗ್ಗದ ಬ್ಯಾರೆಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತಯಾರಕ ಬೇರೆಯೇ ಆರ್ಡರ್ ಕೊಡಬೇಕು, ಸಣ್ಣ ಆರ್ಡರ್ ಆದ್ದರಿಂದ ಸಾಲಿನಲ್ಲಿ ಕೊನೆಗೆ ನಿಲ್ಲಬೇಕು. ಅಮೆರಿಕದಿಂದ ತರಿಸುವುದಾದರೆ ರಫ್ತು ಪರವಾನಗಿಯ ಕಾಗದಪತ್ರ, ಅಮೆರಿಕನ್ ಡಾಲರಿನ ದರ, ಕೊನೆಗೆ ಗಿರಾಕಿ ಕಟ್ಟುವ ತೆರಿಗೆ. ಒಂಟಾರಿಯೋದಲ್ಲಿ ಅದೇ ಶೇಕಡಾ 13.

ರಿಸೀವರ್, ಅಂದರೆ ಗುಂಡು ಹಾರಿಸುವ ಭಾಗಗಳು ಕೂರುವ ಚೌಕಟ್ಟು, ಅದರ ಕಥೆಯೂ ಹೀಗೇ. ಜಾಸ್ತಿ ಸಂಖ್ಯೆಯಲ್ಲಿ ಮಾಡುವವರು ಅಲ್ಯೂಮಿನಿಯಂ ಫೋರ್ಜಿಂಗ್ (ಅಚ್ಚಿನಲ್ಲಿ ಒತ್ತಿ ಆಕಾರ ಕೊಟ್ಟ ತುಂಡು) ತರಿಸಿ ಬೇಕಾದ ಕಡೆ ಮಾತ್ರ ಮೆಷಿನ್ ಮಾಡುತ್ತಾರೆ. ಫೋರ್ಜಿಂಗ್ ಡೈ ಮಾಡಿಸುವ ದುಡ್ಡು ಸಣ್ಣವರ ಹತ್ತಿರ ಇರುವುದಿಲ್ಲ. ಅವರು ಅಲ್ಯೂಮಿನಿಯಂನ ಗಟ್ಟಿ ದಿಂಡನ್ನೇ ಕೊರೆಯುತ್ತಾರೆ. ಅದರಲ್ಲಿ ಬಹುಪಾಲು ಲೋಹ ಚೂರಾಗಿ ಸ್ಕ್ರ್ಯಾಪ್ ಡಬ್ಬಕ್ಕೆ ಹೋಗುತ್ತದೆ, ಮೆಷಿನ್ ಗಂಟೆಗಟ್ಟಲೆ ಓಡುತ್ತದೆ. ಆಮೇಲೆ ಆನೊಡೈಸಿಂಗ್‌ಗೆ (ಮೇಲ್ಮೈಗೆ ಗಟ್ಟಿ ಪದರ ಕೊಡಿಸಲು) ಹೊರಗೆ ಕಳಿಸಬೇಕು, ಅಲ್ಲಿ ಬ್ಯಾಚಿಗೆ ಇಂತಿಷ್ಟು ಎಂದು ಕನಿಷ್ಠ ಚಾರ್ಜ್ ಇರುತ್ತದೆ.

ಈ ತಯಾರಕರಲ್ಲಿ ಹಲವರು ಎಆರ್-180 ವಿನ್ಯಾಸವನ್ನು ಆರಿಸಿಕೊಂಡದ್ದು ಬಹಳ ಯೋಚನೆ ಮಾಡಿಯೇ. ಆರ್ಮಲೈಟ್ ಕಂಪನಿ 1960ರ ದಶಕದಲ್ಲಿ ಮಾಡಿದ ವಿನ್ಯಾಸ ಇದು, ಕಾನೂನಿನ ಲೆಕ್ಕದಲ್ಲಿ ಎಆರ್-15 ಕುಟುಂಬಕ್ಕೆ ಸೇರಿರಲಿಲ್ಲ. 2001ರಲ್ಲಿ ಬಂದ ಎಆರ್-180ಬಿ ಮಾದರಿಯಲ್ಲಿ ಎಆರ್-15ರ ಟ್ರಿಗರ್ ಭಾಗಗಳು ಕೂರುತ್ತಿದ್ದವು. ಕೆನಡಾದವರು ಅದೇ ದಾರಿ ಹಿಡಿದರು. ಟ್ರಿಗರ್, ಹಿಡಿ, ಮ್ಯಾಗಜೀನ್ ಎಲ್ಲವೂ ಅಂಗಡಿಯಲ್ಲಿ ಸಿಗುವವೇ, ಮ್ಯಾಗಜೀನ್ ಮಾತ್ರ ಐದೇ ಗುಂಡು ಹಿಡಿಯುವಂತೆ ಪಿನ್ ಹಾಕಿದ್ದು, ಏಕೆಂದರೆ ಈ ವರ್ಗಕ್ಕೆ ಕಾನೂನಿನ ಮಿತಿ ಅಷ್ಟು. ಗುಂಡು ಹಾರಿದಾಗ ಹಿಂದೆ ಸರಿದ ಬೋಲ್ಟನ್ನು (ಗುಂಡನ್ನು ಬ್ಯಾರೆಲ್ ಹಿಂತುದಿಗೆ ತಳ್ಳಿ ಮುಚ್ಚುವ ಭಾಗ) ಮತ್ತೆ ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಎಆರ್-15ರಲ್ಲಿ ಹಿಂಬದಿಯ ಕೊಳವೆಯೊಳಗೆ ಇರುತ್ತದೆ, ಇದರಲ್ಲಿ ಮೇಲಿನ ರಿಸೀವರ್‌ನಲ್ಲೇ ಇರುತ್ತದೆ. ತಯಾರಕ ಮೇಲಿನ ಭಾಗ, ಬೋಲ್ಟನ್ನು ಹೊತ್ತ ಕ್ಯಾರಿಯರ್, ಸ್ಪ್ರಿಂಗ್ ಇವುಗಳ ಮೇಲೆ ತನ್ನ ಶ್ರಮ ಹಾಕಿದರೆ ಸಾಕು.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಬ್ಯಾರೆಲ್ ಮತ್ತು ಬೋಲ್ಟ್. ಟ್ರಿಗರ್ ಸಾಧಾರಣದ್ದೇ ಇರಲಿ, ಸ್ಟಾಕ್ (ಭುಜಕ್ಕೆ ಆನಿಸುವ ಹಿಂಬದಿ) ಪ್ಲಾಸ್ಟಿಕ್ಕಿನದೇ ಇರಲಿ, ಅವನ್ನು ಕೊಂಡವರು ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು. ಬ್ಯಾರೆಲ್ ಒಳಗೆ ಕ್ರೋಮ್ ಹಾಕಿಸಲು ಸಣ್ಣ ಬ್ಯಾಚಿಗೆ ಕೈಗೆಟುಕುವುದಿಲ್ಲ ಎಂದರೆ ನೈಟ್ರೈಡಿಂಗ್ (ಉಕ್ಕಿನ ಮೇಲ್ಮೈಗೆ ಸಾರಜನಕ ಸೇರಿಸಿ ಗಟ್ಟಿ ಮಾಡುವುದು) ಮಾಡಿಸಲಿ, ಅದು ಸಣ್ಣ ಬ್ಯಾಚಿಗೂ ಹೊಂದುತ್ತದೆ, ತುಕ್ಕು ಮತ್ತು ಸವೆತ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಹೀಗೆ ಯೋಚಿಸಿ ಮಾಡಿದ ರೈಫಲ್‌ಗೆ ಐನೂರು ಡಾಲರ್ ಜಾಸ್ತಿ ಕೊಡುವುದಕ್ಕೆ ನನಗೆ ಬೇಸರ ಇಲ್ಲ. ಆ ದುಡ್ಡು ನನ್ನಂಥ ಮೆಷಿನಿಸ್ಟ್ ಒಬ್ಬರ ಸಂಬಳಕ್ಕೆ ಹೋಗುತ್ತದೆ. ಏನಾದರೂ ತೊಂದರೆಯಾದರೆ ಫೋನ್ ಎತ್ತುವವರು ಆ ಪೀಸನ್ನು ಕೈಯಲ್ಲಿ ಹಿಡಿದು ಅಳೆದವರೇ ಆಗಿರುತ್ತಾರೆ.

ವಿರೋಧ: ಖರ್ಚು ನಿಜ, ಆದರೆ ನಷ್ಟ ಕೊಂಡವರ ಪಾಲಿಗೆ

ಪರವಾಗಿ ಬರೆದವರ ಲೆಕ್ಕವನ್ನು ನಾನು ತಪ್ಪು ಎನ್ನುವುದಿಲ್ಲ. ಮಾಡುವವರಿಗೆ ಅಷ್ಟು ಖರ್ಚಾಗುತ್ತದೆ, ಒಪ್ಪಿದೆ. ಆದರೆ ಮಾಡಲು ಎಷ್ಟು ಖರ್ಚಾಯಿತು ಅನ್ನುವುದು ಬೇರೆ, ಆ ವಸ್ತು ನನ್ನ ಕೈಯಲ್ಲಿ ಎಷ್ಟು ವರ್ಷ ಉಪಯೋಗಕ್ಕೆ ಬರುತ್ತದೆ ಅನ್ನುವುದು ಬೇರೆ. ಬೆಲೆ ಕಟ್ಟುವಾಗ ಕೊಳ್ಳುವವರು ನೋಡಬೇಕಾದ್ದು ಎರಡನೆಯದನ್ನು.

2020ರ ಏಪ್ರಿಲ್ 18 ಮತ್ತು 19ರಂದು ನೋವಾ ಸ್ಕೋಷಿಯಾದ ಪೋರ್ಟಪೀಕ್‌ನಲ್ಲಿ ಶುರುವಾದ ಹತ್ಯಾಕಾಂಡದಲ್ಲಿ 22 ಜನ ಸತ್ತರು. ಆ ಮನೆಗಳ ನೋವಿನ ಮುಂದೆ ನಮ್ಮ ರೈಫಲ್ ಬೆಲೆಯ ಮಾತು ಸಣ್ಣದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೇ 1ರಂದು ಸರ್ಕಾರ ಸುಮಾರು 1,500 ಮಾದರಿಗಳನ್ನು ನಿಷೇಧಿಸಿತು. ಎಆರ್-15 ಹೋಯಿತು, ಮಿನಿ-14 ಹೋಯಿತು, ವಿಜೆಡ್-58 ಹೋಯಿತು. ಕ್ಯಾಲ್ಗರಿಯಲ್ಲಿ ತಯಾರಾಗುತ್ತಿದ್ದ ಮಾಡರ್ನ್ ಹಂಟರ್ ಎಂಬ ದುಬಾರಿ ರೈಫಲ್ ನಾನ್-ರಿಸ್ಟ್ರಿಕ್ಟೆಡ್ ಆಗಿಯೇ ಮಾರಾಟವಾಗಿತ್ತು. ಅದನ್ನೂ ಎಆರ್ ಕುಟುಂಬಕ್ಕೆ ಸೇರಿಸಿ ನಿಷೇಧಿತ ಎಂದರು. ಅದಕ್ಕೆ ಸಾವಿರಾರು ಡಾಲರ್ ಕೊಟ್ಟವರು ಕಾನೂನು ಮುರಿದಿರಲಿಲ್ಲ. ಅವರು ಕೊಂಡ ದಿನ ಎಲ್ಲವೂ ಸರಿಯಾಗಿಯೇ ಇತ್ತು.

ಆಮೇಲೆ ಜನ ಎಆರ್-180 ತರಹದವುಗಳ ಕಡೆ ತಿರುಗಿದರು, "ಇದು ಬೇರೆ ಕುಟುಂಬ, ಇದಕ್ಕೇನೂ ಆಗುವುದಿಲ್ಲ" ಎಂಬ ನಂಬಿಕೆಯಿಂದ. ನಾನೂ ಅವರಲ್ಲಿ ಒಬ್ಬ. 2021ರಲ್ಲಿ ಅಂಥದ್ದೊಂದನ್ನು ಕೊಂಡೆ. 2023ರ ಡಿಸೆಂಬರ್ 15ರಂದು ಸಿ-21 ಎಂಬ ಬಂದೂಕು ಕಾಯ್ದೆಗೆ ಅಂಕಿತ ಬಿತ್ತು. ಅದರ ಪ್ರಕಾರ, ಕಳಚುವ ಮ್ಯಾಗಜೀನ್ ಇರುವ, ಮೂಲ ವಿನ್ಯಾಸದಲ್ಲಿ ಆರು ಅಥವಾ ಹೆಚ್ಚು ಗುಂಡಿನ ಮ್ಯಾಗಜೀನ್ ಇರುವ ಸೆಂಟರ್‌ಫೈರ್ ಸೆಮಿ-ಆಟೋ ಹೊಸದಾಗಿ ವಿನ್ಯಾಸವಾದರೆ ಅದು ಹುಟ್ಟುವಾಗಲೇ ನಿಷೇಧಿತ. ಅಂದರೆ ಸಣ್ಣ ತಯಾರಕರು ಹೊಸ ಮಾದರಿ ತರುವ ಬಾಗಿಲು ಅಲ್ಲಿಗೇ ಮುಚ್ಚಿತು. 2024ರ ಡಿಸೆಂಬರ್ 5ರಂದು ಇನ್ನೂ 324 ಮಾದರಿ ನಿಷೇಧವಾದವು, 2025ರ ಮಾರ್ಚ್ 7ರಂದು ಮತ್ತೆ 179. ಅಗ್ಗದ ಕೆನಡಾ ರೈಫಲ್ ಎಂದು ಹೆಸರು ಮಾಡಿದ್ದ ಡಬ್ಲ್ಯೂಕೆ180-ಸಿ ಕೂಡ ಆ ಡಿಸೆಂಬರಿನ ಪಟ್ಟಿಯಲ್ಲಿ ಹೋಯಿತು.

ನಿಷೇಧಿಸಿದ ರೈಫಲ್‌ಗೆ ಪರಿಹಾರ ಕೊಡುತ್ತಾರಲ್ಲ ಎಂದು ಕೇಳಬಹುದು. ಮಾದರಿಗೆ ಇಂತಿಷ್ಟು ಎಂದು ಸರ್ಕಾರ ನಿಗದಿ ಮಾಡಿದೆ, ನಿಜ. ಆದರೆ ನೀವು ಆಸೆಪಟ್ಟು ಹಾಕಿಸಿದ ಮುನ್ನೂರು ಡಾಲರಿನ ಟ್ರಿಗರ್ ಆ ಲೆಕ್ಕದಲ್ಲಿ ಕಾಣುವುದಿಲ್ಲ. ಆದ್ದರಿಂದಲೇ ಇಂಥ ರೈಫಲ್ ಮೇಲೆ ದುಬಾರಿ ಪಾರ್ಟ್ಸ್ ಹಾಕಬೇಡಿ ಎನ್ನುತ್ತೇನೆ. ಬ್ಯಾರೆಲ್ ಎಷ್ಟೇ ಚೆನ್ನಾಗಿರಲಿ, ರೇಂಜ್‌ಗೆ ಒಯ್ಯಲು ಆಗದ ದಿನ ಬಂದರೆ ಅದರ ಚೆಲುವಿನಿಂದ ಏನು ಬಂತು?

ಇನ್ನೊಂದು ಮಾತು ಪಾರ್ಟ್ಸ್ ಬಗ್ಗೆಯೇ. ಟ್ರಿಗರ್, ಹಿಡಿ ಎಲ್ಲಾ ಕಡೆ ಸಿಗುತ್ತವೆ ಎಂದರು, ಸರಿ. ಮುರಿಯುವುದು ಅವಲ್ಲ. ಮುರಿಯುವುದು ಆ ತಯಾರಕ ಮಾತ್ರ ಮಾಡುವ ಭಾಗ. ನನ್ನ ರೈಫಲ್‌ನ ಎಕ್ಸ್‌ಟ್ರಾಕ್ಟರ್ (ಹಾರಿದ ಗುಂಡಿನ ಖಾಲಿ ಕೋಶವನ್ನು ಹೊರಗೆಳೆಯುವ ಕೊಕ್ಕೆ) ಆರುನೂರು ಗುಂಡಿಗೆ ಮುರಿಯಿತು. ಬದಲಿಗೆ ಕೇಳಿದೆ. "ಮುಂದಿನ ಬ್ಯಾಚಿನಲ್ಲಿ ಮಾಡುತ್ತೇವೆ, ಸರ್" ಎಂದರು. ನಾಲ್ಕು ತಿಂಗಳು ಕಾದೆ. ಅವರು ಒಳ್ಳೆಯವರೇ, ಮಾತು ಮೃದುವಾಗಿತ್ತು, ಮೋಸ ಮಾಡುವ ಉದ್ದೇಶ ಖಂಡಿತ ಇರಲಿಲ್ಲ. ಆದರೆ ಮೊದಲ ಬ್ಯಾಚು ಕೊಂಡವರೇ ಪರೀಕ್ಷೆ ಮಾಡಿ ತಪ್ಪು ಹುಡುಕಿಕೊಡಬೇಕು, ಅದಕ್ಕೆ ಪೂರ್ತಿ ಬೆಲೆಯನ್ನೂ ಕೊಡಬೇಕು ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ದೊಡ್ಡ ಕಂಪನಿ ಹತ್ತಾರು ಸಾವಿರ ಗುಂಡು ಹಾರಿಸಿ ನೋಡಿದ ಮೇಲೆ ಮಾರುಕಟ್ಟೆಗೆ ಬಿಡಬಲ್ಲದು. ಸಣ್ಣವರಿಗೆ ಅದು ಕಷ್ಟ, ಗೊತ್ತು. ಹಾಗಿದ್ದರೆ ಮೊದಲ ಬ್ಯಾಚಿಗೆ ಬೆಲೆ ಇಳಿಸಲಿ, ಇಲ್ಲವೇ ಬೋಲ್ಟ್, ಎಕ್ಸ್‌ಟ್ರಾಕ್ಟರ್, ಫೈರಿಂಗ್ ಪಿನ್, ಸ್ಪ್ರಿಂಗ್ ಒಂದೊಂದು ಜತೆ ಪೆಟ್ಟಿಗೆಯಲ್ಲೇ ಇಟ್ಟು ಕೊಡಲಿ.

ಈಗ ಯಾರಾದರೂ ನನ್ನನ್ನು ಕೇಳಿದರೆ ಬೇಟೆಗಾದರೆ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ರೈಫಲ್) ಕೊಳ್ಳಿ ಎನ್ನುತ್ತೇನೆ. ಸೆಮಿ-ಆಟೋನೇ ಬೇಕೆಂದರೆ ಬ್ರೌನಿಂಗ್ ಬಿಎಆರ್ ತರಹದ ಹಳೆಯ ಬೇಟೆ ರೈಫಲ್ ನೋಡಿ, ಪಾರ್ಟ್ಸ್ ಸಿಗುತ್ತವೆ, ದಶಕಗಳಿಂದ ಜನ ಬಳಸಿದ್ದಾರೆ.

ನನ್ನದು ಈಗ ಸೇಫ್‌ನಲ್ಲಿ ಬೀಗ ಹಾಕಿ ಇಟ್ಟಿದೆ. ಅಮ್ನೆಸ್ಟಿಯನ್ನು, ಅಂದರೆ ನಿಷೇಧಿತ ರೈಫಲ್ ಮೊದಲೇ ಕೊಂಡು ಇಟ್ಟುಕೊಂಡವರಿಗೆ ಶಿಕ್ಷೆಯಿಂದ ಇರುವ ವಿನಾಯಿತಿಯನ್ನು, 2026ರ ಅಕ್ಟೋಬರ್ 30ರವರೆಗೆ ಮುಂದುವರಿಸಿದರು. ಕಾದು ಕಾದು ತರಿಸಿದ್ದ ಎಕ್ಸ್‌ಟ್ರಾಕ್ಟರ್ ಜೊತೆಗೆ ಇನ್ನೊಂದು ಸ್ಪೇರ್ ಕೂಡ ಕಳಿಸಿದ್ದರು. ಆ ಪುಟ್ಟ ಪ್ಯಾಕೆಟ್ ಅಲ್ಲೇ ಪಕ್ಕದಲ್ಲಿದೆ, ಇನ್ನೂ ಒಡೆದಿಲ್ಲ.