ಹೆಬ್ಬೆಟ್ಟು ಸವೆದವರಿಗೆ ಪ್ರವೇಶವಿಲ್ಲ

ತುಮಕೂರಿನ ಬಟವಾಡಿಯಲ್ಲಿ ಸೈಟು ಹಿಡಿದವನಿಗೆ ಶನಿವಾರ ಸಂಜೆ ಬಂತೆಂದರೆ ಬಟವಾಡೆಯ ಜ್ವರ. ಬಡಾವಣೆಯ ಹೆಸರಲ್ಲೇ ಬಟವಾಡೆ ಇದೆ, ಜೇಬಿನಲ್ಲಿ ಇರುವುದಿಲ್ಲ. ಮನೆ ಕಟ್ಟಿಸುವ ಯಜಮಾನರು ‘ಪ್ಲಾಸ್ಟರಿಂಗ್ ಆಗಲಿ, ಕೊಡೋಣ’ ಅಂತಾರೆ; ಪ್ಲಾಸ್ಟರಿಂಗ್ ಮಾಡುವವರು ‘ಕೊಡಿ, ಆಗುತ್ತೆ’ ಅಂತಾರೆ. ನನ್ನಂಥ ಸಣ್ಣ ಕಂಟ್ರಾಕ್ಟರ್ ಅಂದರೆ ಎರಡು ಇಟ್ಟಿಗೆ ನಡುವಿನ ಗಾರೆ. ಇಬ್ಬರನ್ನೂ ಹಿಡಿದುಕೊಂಡಿರಬೇಕು, ಹೊರಗೆ ಕಾಣಿಸಬಾರದು.

ಅಂಥದ್ದೊಂದು ಶನಿವಾರ ವಾಟ್ಸಾಪಿಗೆ ಸಂದೇಶ ಬಂತು: ‘ಕಟ್ಟಡ ಕಾರ್ಮಿಕರಿಗೆ ತರಬೇತಿ ಕೊಡುವ ಮಾಲೀಕರಿಗೆ ಸರ್ಕಾರದ ನೆರವು’. ಮಾಲೀಕ ಅಂದರೆ ನಾನೇ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಸುಳ್ಳು ಸುದ್ದಿಯೇನಲ್ಲ. 2016ರಲ್ಲೇ ಕೇಂದ್ರ ಸರ್ಕಾರ ಶಿಶಿಕ್ಷುಗಳಿಗೆಂದು ಒಂದು ಯೋಜನೆ ತಂದಿದೆ. ಕೆಲಸ ಕಲಿಯಲು ಬಂದ ಹುಡುಗನಿಗೆ ನಾವು ಕೊಡುವ ಸ್ಟೈಪೆಂಡಿನಲ್ಲಿ ಶೇ. 25, ಹೆಚ್ಚೆಂದರೆ ತಿಂಗಳಿಗೆ 1,500 ರೂಪಾಯಿ, ಸರ್ಕಾರ ಭರಿಸುತ್ತದೆ. ‘ಶಿಶಿಕ್ಷು’ ಎಂಬ ಪದ ಓದಿ ಹೇಳಿದಾಗ ನಮ್ಮ ಗಾರೆ ಮೇಸ್ತ್ರಿ ಕರಣೆ ಕೆಳಗಿಟ್ಟು, ‘ಭಿಕ್ಷುಗೆ ಏನಾಗ್ಬೇಕು ಸಾ ಅವ್ನು?’ ಎಂದ. ಅಪ್ರೆಂಟಿಸ್ ಕಣಪ್ಪಾ ಅಂದೆ. ‘ಹಂಗಂದ್ರೆ ನಮ್ಮ ಅಳಿಯ’ ಎಂದು ಮತ್ತೆ ಕೆಲಸ ಹಿಡಿದ. ಅಳಿಯ ಆರು ತಿಂಗಳಿಂದ ಅವನ ಕೈಕೆಳಗೆ ಕಲಸು ಗಾರೆ ಹೊರುತ್ತಾ, ಬೈಸಿಕೊಳ್ಳುತ್ತಾ ಕಲಿಯುತ್ತಿದ್ದಾನೆ.

ಮರುದಿನವೇ ಲೆಕ್ಕ ಹಾಕಿದೆ. 1,500 ಅಂದರೆ ನಮ್ಮಲ್ಲಿ ಮೇಸ್ತ್ರಿಯ ಒಂದೂವರೆ ದಿನದ ಕೂಲಿ. ಅದನ್ನು ಪಡೆಯಲು ನೋಂದಣಿ, ಒಪ್ಪಂದ, ಬ್ಯಾಂಕು, ಪೋರ್ಟಲ್ಲು. ಪೋರ್ಟಲ್ ತೆರೆದುಕೊಳ್ಳುವುದು ರಾತ್ರಿ ಹನ್ನೊಂದರ ಮೇಲೆ, ದೆವ್ವದ ಹಾಗೆ. ಆದರೂ ಬಿಡಲಿಲ್ಲ. ಸರ್ಕಾರದ ದುಡ್ಡಿಗೂ ಗಣಪತಿ ಹಬ್ಬದ ಚರುಪಿಗೂ ಒಂದೇ ನಿಯಮ. ಕೊಡುವುದು ಚಿಟಿಕೆಯಾದರೂ ಸಾಲಿನಲ್ಲಿ ನಿಲ್ಲದೆ ಮನಸ್ಸು ಕೇಳುವುದಿಲ್ಲ.

ಊರಲ್ಲೊಂದು ತರಬೇತಿ ಕೇಂದ್ರವಿದೆ ಎಂದು ಯಾರೋ ಹೇಳಿದರು, ಹೋದೆ. ಅಲ್ಲಿದ್ದ ಸಂಯೋಜಕರು ತುಂಬ ಮರ್ಯಾದೆಯವರು, ಕೂರಿಸಿ ನೀರು ಕೊಟ್ಟರು. ‘ಶಿಶಿಕ್ಷು ಸ್ಕೀಮು ಕೆಲಸ ಗೊತ್ತಿಲ್ಲದವರಿಗೆ ಸಾರ್. ನಿಮ್ಮ ಮೇಸ್ತ್ರಿಗಳಿಗೆ ಗೊತ್ತಿದೆಯಲ್ಲ?’

‘ಮೂವತ್ತು ವರ್ಷದಿಂದ ಗೊತ್ತಿದೆ.’

‘ಗೊತ್ತಿದ್ದವರಿಗೆ ಬೇರೆ ಇದೆ. ಅವರಿಗೆ ಗೊತ್ತಿದೆ ಅನ್ನೋದನ್ನ ನಾವು ಗುರುತಿಸ್ತೀವಿ.’

‘ಗುರುತಿಸೋಕೆ ಏನು ಮಾಡ್ತೀರಿ?’

‘ತರಬೇತಿ ಕೊಡ್ತೀವಿ.’

ನಾನು ನೀರು ಕುಡಿದೆ.

ದುಡ್ಡಿಲ್ಲದೆ ಹೀಗಾಗುತ್ತಿದೆ ಎಂದು ಯಾರೂ ಮರುಗಬೇಕಿಲ್ಲ. ಕಟ್ಟಡ ಕಾರ್ಮಿಕರ ಹೆಸರಿನಲ್ಲಿ ಸೆಸ್ ವಸೂಲಿ ಮಾಡಲು 1996ರಲ್ಲೇ ಕಾನೂನು ಬಂತು. ಕರ್ನಾಟಕದಲ್ಲಿ ಕಟ್ಟುವ ವೆಚ್ಚದ ಶೇ. 1; ಹತ್ತು ಲಕ್ಷದೊಳಗೆ ಸ್ವಂತಕ್ಕೆ ಕಟ್ಟಿಕೊಂಡ ಮನೆಗೆ ಆ ಕಾನೂನಿನಲ್ಲಿ ವಿನಾಯಿತಿ ಇತ್ತು (ಹತ್ತು ಲಕ್ಷದಲ್ಲಿ ಈಗ ಏಳುವುದು ಕಾಂಪೌಂಡು ಮತ್ತು ಸಂಪು ಮಾತ್ರ, ಅದು ಬೇರೆ ಮಾತು). 2018ರ ಮಾರ್ಚಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಲೆಕ್ಕ ನೋಡಿ: ದೇಶದಾದ್ಯಂತ ಸಂಗ್ರಹವಾಗಿದ್ದು 37,400 ಕೋಟಿಗೂ ಹೆಚ್ಚು, ಖರ್ಚಾಗಿದ್ದು 9,500 ಕೋಟಿಯಷ್ಟು. ಖರ್ಚಾದದ್ದರಲ್ಲೂ ಲ್ಯಾಪ್‌ಟಾಪ್, ವಾಷಿಂಗ್ ಮಷೀನ್ ಇದ್ದವೆಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಕೋರ್ಟಿಗೆ ತಿಳಿಸಿದಾಗ ನ್ಯಾಯಮೂರ್ತಿಗಳೇ ದಂಗಾಗಿದ್ದರು. ಮೇಸ್ತ್ರಿಗೆ ಇದನ್ನು ಹೇಳಿದೆ. ಅವನು ದಂಗಾಗಲಿಲ್ಲ. ‘ಒಳ್ಳೇದೇ ಅಲ್ವಾ ಸಾ. ನಮ್ಮ ಗಾರೆ ಬಟ್ಟೆ ಹಾಕಿ ನಾಕು ಸುತ್ತು ತಿರುಗ್ಸಿದ್ರೆ ಮಿಕ್ಸರ್ ಆಯ್ತದೆ. ಸಣ್ಣ ಮೋಲ್ಡಿಗೆ ಸಾಕು ಬುಡಿ.’

ಅಂತೂ ಹನ್ನೆರಡು ದಿನದ ತರಬೇತಿಗೆ ನಮ್ಮ ಹತ್ತು ಜನರನ್ನು ಕರೆದುಕೊಂಡು ಹೋದೆ. ಬಾಗಿಲಲ್ಲೇ ಒಂದು ಪುಟ್ಟ ಯಂತ್ರ. ಹಾಜರಿಗೆ ಹೆಬ್ಬೆಟ್ಟು ಒತ್ತಬೇಕು. ಮೇಸ್ತ್ರಿ ಒತ್ತಿದ. ಕೆಂಪು ದೀಪ. ಬೆರಳನ್ನು ಪಂಚೆಗೆ ಒರೆಸಿ ಒತ್ತಿದ, ಕೆಂಪು. ಎಡಗೈ, ಕೆಂಪು. ಹತ್ತೂ ಬೆರಳಾಯಿತು.

ಅವನ ಕೈ ಹಿಡಿದು ನೋಡಿದೆ. ಮೂವತ್ತು ವರ್ಷ ಸಿಮೆಂಟಿನಲ್ಲಿ ಅದ್ದಿದ ಬೆರಳು. ತುದಿಯಲ್ಲಿ ಚರ್ಮ ಕಡಪಾ ಕಲ್ಲಿನಂತೆ ನುಣ್ಣಗಾಗಿತ್ತು, ಗೆಣ್ಣಿನ ಹತ್ತಿರ ಸುಣ್ಣ ತಿಂದ ಬಿರುಕು. ರೇಖೆ ಅನ್ನುವುದು ಹುಡುಕಿದರೂ ಇಲ್ಲ. ‘ರೇಷನ್ ಅಂಗಡೀಲೂ ಇದೇ ಕತೆ ಸಾ. ಅದ್ಕೆ ಯಂಗುಸ್ರನ್ನೇ ಕಳಿಸೋದು’ ಎಂದ. ಅವನ ಹಿಂದಿದ್ದ ಇಬ್ಬರು ಗಾರೆಯವರಿಗೂ ಕೆಂಪು. ಬ್ಲಾಕ್ ಹೊರುವ ಹೆಂಗಸರಿಗೂ ಕೆಂಪು. ಅಳಿಯನ ಬೆರಳು ಮೂರನೇ ಸಲಕ್ಕೆ ಹಳದಿಯವರೆಗೆ ಬಂದು ವಾಪಸ್ಸಾಯಿತು. ಆರು ತಿಂಗಳಲ್ಲಿ ಇಷ್ಟಾದರೂ ಕಲಿತಿದ್ದಾನಲ್ಲ ಎಂದು ಮಾವನಿಗೆ ಹೆಮ್ಮೆಯೇ ಆಗಿರಬೇಕು.

ಸಂಯೋಜಕರು ಆಲೋಚಿಸಿ ಒಂದು ಪರಿಹಾರ ಹೇಳಿದರು. ‘ವ್ಯಾಸಲೀನ್ ಹಚ್ಚಿ ಸಾರ್. ಒಂದು ತಿಂಗಳು ಸಿಮೆಂಟ್ ಮುಟ್ಟಬೇಡಿ ಅಂತ ಹೇಳಿ. ರೇಖೆ ತಾನಾಗೇ ಬರುತ್ತೆ.’

ಗಾರೆ ಕೆಲಸ ಗೊತ್ತಿದೆ ಎಂದು ಸಾಬೀತು ಮಾಡಲು ಒಂದು ತಿಂಗಳು ಗಾರೆ ಕೆಲಸ ಬಿಡಬೇಕು. ಆ ತಿಂಗಳ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿದೆ. ಅದಕ್ಕೆ ಕಾಲಂ ಇಲ್ಲವಂತೆ.

ಆದರೆ ಬ್ಯಾಚು ತುಂಬಲೇಬೇಕಿತ್ತು. ಬೀದಿಯ ಆಚೆಬದಿಯ ಜೆರಾಕ್ಸ್ ಅಂಗಡಿ ಹುಡುಗ ಫೈಲು ಕೊಡಲು ಬಂದವನು ತಮಾಷೆಗೆ ಬೆರಳಿಟ್ಟ. ಹಸಿರು! ಯಂತ್ರ ‘ಧನ್ಯವಾದಗಳು’ ಎಂದೂ ಹೇಳಿತು. ಬೆಳಗ್ಗೆಯಿಂದ ಅದು ಬಾಯಿ ಬಿಟ್ಟದ್ದೇ ಆಗ. ಆಮೇಲೆ ತಟ್ಟೆ ಇಡ್ಲಿ ಹೋಟೆಲಿನ ಕ್ಯಾಶಿಯರು, ಮೊಬೈಲ್ ರೀಚಾರ್ಜ್ ಅಂಗಡಿಯವನು, ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಇಬ್ಬರು. ಎಲ್ಲರದೂ ಹಸಿರು. ಎಳೆ ಬೆಂಡೆಕಾಯಿಯಂಥ ಬೆರಳುಗಳು. ಜೀವಮಾನದಲ್ಲಿ ಬಾಂಡ್ಲಿ ಮುಟ್ಟದವರನ್ನು ಆ ಯಂತ್ರ ಅದೆಷ್ಟು ಕರಾರುವಾಕ್ಕಾಗಿ ಆರಿಸುತ್ತಿತ್ತು ಅಂದರೆ, ಕಾರ್ಮಿಕರ ಹೆಸರಿನಲ್ಲಿ ಯಾರ್ಯಾರೋ ಕಾರ್ಡ್ ಮಾಡಿಸಿಕೊಂಡಿದ್ದಾರೆಂದು ಗೊಣಗುವವರು ಇದನ್ನೇ ತಿರುಗಾಮುರುಗಾ ಇಟ್ಟು ಬಳಸಬಹುದು. ಕೆಂಪು ಬಂದವನಿಗೆ ಕಾರ್ಡು, ಹಸಿರು ಬಂದವನಿಗೆ ಪೊಲೀಸು.

ತರಗತಿ ಶುರುವಾಯಿತು. ನಮ್ಮವರಿಗೆ ಒಳಗೆ ಜಾಗವಿಲ್ಲ, ಕಿಟಕಿಯಲ್ಲಿ ನಿಂತು ನೋಡಿದರು. ಡಿಪ್ಲೊಮಾ ಮುಗಿಸಿದ ಮೇಷ್ಟ್ರು ಪರದೆಯ ಮೇಲೆ ಫಳಫಳ ಹೊಳೆಯುವ ಕರಣೆಯ ಚಿತ್ರ ಹಾಕಿ ‘ಇದೇನು?’ ಎಂದರು. ಸದ್ದಿಲ್ಲ. ಕೊನೆಗೆ ಜೆರಾಕ್ಸ್ ಹುಡುಗ ಎದ್ದು, ‘ಸಾರ್, ಬರ್ತ್‌ಡೇ ಕೇಕ್ ಎತ್ತೋದು’ ಎಂದ. ಕಿಟಕಿಯಾಚೆ ಮೇಸ್ತ್ರಿ ತಲೆ ಚಚ್ಚಿಕೊಂಡ.

ನಾಲ್ಕನೇ ದಿನ ಪ್ರಾಯೋಗಿಕ. ಅಂಗಳದಲ್ಲಿ ಎದೆಮಟ್ಟದ ಗೋಡೆ. ಇಟ್ಟಿಗೆ ನೆನೆಸಿರಲಿಲ್ಲ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಹಿಡಿತ ಬರುವುದಿಲ್ಲ ಎಂದು ಕಿಟಕಿಯ ಹೆಂಗಸರಿಗೂ ಗೊತ್ತು. ಮೇಷ್ಟ್ರ ಸ್ಲೈಡಿನಲ್ಲೂ ಇತ್ತಂತೆ, ಆದರೆ ಅದು ಒಂಬತ್ತನೇ ದಿನಕ್ಕೆ. ಮೇಸ್ತ್ರಿ ಒಂದು ಕಣ್ಣು ಮುಚ್ಚಿ ಗೋಡೆಯ ಅಂಚಿಗೆ ದೃಷ್ಟಿ ಹಾಯಿಸಿ, ‘ತೂಗುಗುಂಡು ಬಿಟ್ಟು ನೋಡಿ ಸಾ. ಅರ್ಧ ಇಂಚು ಹೊಟ್ಟೆ ಬಂದೈತೆ’ ಎಂದ. ಮೇಷ್ಟ್ರು ನಯವಾಗಿಯೇ, ‘ನೀವು ಈ ಬ್ಯಾಚಿನವರಾ?’ ಎಂದು ಕೇಳಿದರು. ಅಲ್ಲ ಎಂದಮೇಲೆ ಮಾತು ಅಲ್ಲಿಗೇ ನಿಂತಿತು.

ಸರ್ಟಿಫಿಕೇಟ್ ದಿನ ಹಳದಿ ಹೆಲ್ಮೆಟ್ಟು, ಕಿತ್ತಳೆ ಜಾಕೆಟ್ಟು ಬಂತು. ಫೋಟೊ ತೆಗೆದರು, ಹೆಲ್ಮೆಟ್ಟುಗಳನ್ನು ಎಣಿಸಿ ವಾಪಸ್ ಚೀಲಕ್ಕೆ ತುಂಬಿದರು. ಜೆರಾಕ್ಸ್ ಹುಡುಗ ಸರ್ಕಾರಿ ದಾಖಲೆಯಲ್ಲಿ ಗಾರೆ ಮೇಸ್ತ್ರಿಯಾದ. ತನ್ನ ಸರ್ಟಿಫಿಕೇಟಿಗೆ ತಾನೇ ಜೆರಾಕ್ಸ್ ತೆಗೆದುಕೊಂಡ; ಆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ.

ನನ್ನ ನೆರವಿನ ಅರ್ಜಿ? ಫೋಟೊದಲ್ಲಿ ಹೆಲ್ಮೆಟ್ಟಿನ ನೆರಳು ಮುಖದ ಮೇಲೆ ಬಿದ್ದಿದೆ, ಮುಖ ಸ್ಪಷ್ಟವಿಲ್ಲ ಎಂದು ವಾಪಸ್ ಬಂತು. ಸ್ಪಷ್ಟವಾಗಿದ್ದರೆ ಇನ್ನೂ ಕಷ್ಟವಾಗುತ್ತಿತ್ತು ಎಂದು ಸುಮ್ಮನಾದೆ.

ಮುಂದಿನ ಮಳೆಗೆ ಆ ಎದೆಮಟ್ಟದ ಗೋಡೆ ಬಿತ್ತು. ಬಿದ್ದದ್ದು ಸಂಯೋಜಕರ ಸ್ಕೂಟರಿನ ಮೇಲೆ. ಅವರು ಫೋನ್ ಮಾಡಿದ್ದು ಜೆರಾಕ್ಸ್ ಅಂಗಡಿಗಲ್ಲ, ನನಗೆ. ಭಾನುವಾರ ಮೇಸ್ತ್ರಿ, ಅಳಿಯ ಹೋಗಿ ಇಟ್ಟಿಗೆ ನೆನೆಹಾಕಿ, ಗುಂಡು ಬಿಟ್ಟು, ಮಧ್ಯಾಹ್ನಕ್ಕೆಲ್ಲ ಗೋಡೆ ಎಬ್ಬಿಸಿದರು. ಕೂಲಿಗೆ ವೋಚರ್ ಬೇಕಾಯಿತು. ತರಬೇತಿ ಪಡೆದವರ ಹೆಸರಿಗಷ್ಟೇ ಬಿಲ್ಲು ಪಾಸಾಗುತ್ತದಂತೆ, ಹಾಗಾಗಿ ಜೆರಾಕ್ಸ್ ಹುಡುಗನ ಹೆಸರು ಬರೆದರು. ಅವನು ಊರಲ್ಲಿರಲಿಲ್ಲ.

‘ಯಾರಾದ್ರೂ ಒಂದು ಹೆಬ್ಬೆಟ್ಟು ಒತ್ತಿ’ ಎಂದರು ಸಂಯೋಜಕರು.

ಮೇಸ್ತ್ರಿ ಒತ್ತಿದ. ಕಾಗದದ ಮೇಲೆ ಗುಂಡನೆಯ ಕಪ್ಪು ಮಚ್ಚೆ, ಒಂದು ಗೆರೆಯಿಲ್ಲ. ಸಂಯೋಜಕರು ಅದನ್ನು ಬೆಳಕಿಗೆ ಹಿಡಿದು, ‘ಪರ್ವಾಗಿಲ್ಲ, ಇದು ಯಾರ್ದು ಬೇಕಾದ್ರೂ ಆಗುತ್ತೆ’ ಎಂದು ಫೈಲಿಗೆ ಸೇರಿಸಿದರು.