ಆರು ಗಾಲಿಯ ಮನೆ

ಆ ಗಾಡಿ ನಮ್ಮ ತೋಟದ ಗೇಟು ದಾಟಿ ಅರ್ಧ ಗಂಟೆಯೂ ಆಗಿರಲಿಲ್ಲ, ಆಳುಗಳ ಲೈನ್ ಮನೆ ಕಡೆಯಿಂದ ಒಬ್ಬ ಅಜ್ಜಿ ಕನ್ನಡಕ ಕೈಯಲ್ಲಿ ಹಿಡಿದುಕೊಂಡು ಬಂದರು.

"ಕಣ್ಣು ಪರೀಕ್ಷೆ ಇವತ್ತೇನಾ ಅಪ್ಪಾ, ಇಲ್ಲ ನಾಳೆ ಬರಬೇಕಾ?"

ಅಜ್ಜಿಯದು ತಪ್ಪಲ್ಲ. ಬಿಳಿ ಬಣ್ಣ, ಪಕ್ಕದಲ್ಲಿ ನೀಲಿ ಪಟ್ಟಿ, ಬಾಗಿಲು ತೆಗೆದರೆ ಕೆಳಗಿಳಿಯುವ ಮೆಟ್ಟಿಲು. ನಮ್ಮ ಆಲ್ದೂರು ಕಡೆ ಇಂಥ ಗಾಡಿ ಬಂದರೆ ಒಂದೋ ಕಣ್ಣಿನ ಶಿಬಿರ, ಇಲ್ಲ ರಕ್ತದಾನ, ಇಲ್ಲ ಎಲೆಕ್ಷನ್ನು. "ಇದು ಆಸ್ಪತ್ರೆ ಅಲ್ಲ ಅಜ್ಜಿ, ಮನೆ. ಓಡಾಡೋ ಮನೆ" ಎಂದೆ. ಅಜ್ಜಿ ಒಮ್ಮೆ ನನ್ನ ಹಿಂದಿದ್ದ ಹಂಚಿನ ಮನೆಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಯಾಕೆ, ಅದು ಬೀಳೋ ಹಂಗಾಗಿದ್ಯಾ?" ಅಂದರು.

ಈ ವ್ಯವಹಾರ ಕುದುರಿಸಿದ್ದು ನನ್ನ ಬಾಮೈದ. 2007ರ ಮಿನಿ ಬಸ್ಸಿನ ಚಾಸಿಸ್ ಮೇಲೆ ಬೆಂಗಳೂರಿನ ಯಾರೋ ಶ್ರೀಮಂತರು ಆಸೆಪಟ್ಟು ಕಟ್ಟಿಸಿದ ಮೋಟರ್‌ಹೋಮ್. ಚರ್ಮದ ಸೋಫಾ, ಮಂಚ, ಅಡಿಗೆ ಕಟ್ಟೆ, ಶೌಚಾಲಯ, ಛಾವಣಿ ಮೇಲೆ ಎಸಿ, ಗುಂಡಿ ಒತ್ತಿದರೆ ಪಕ್ಕದಲ್ಲಿ ಬಿಚ್ಚಿಕೊಳ್ಳುವ ಶಾಮಿಯಾನ. ವೈನ್ ಗ್ಲಾಸು ತಲೆಕೆಳಗಾಗಿ ನೇತುಹಾಕಲು ಒಂದು ಹಿತ್ತಾಳೆಯ ಸ್ಟ್ಯಾಂಡು ಬೇರೆ. ಅದರಲ್ಲಿ ನನ್ನ ಹೆಂಡತಿ ಈಗ ಸೌಟು ನೇತು ಹಾಕುತ್ತಾಳೆ. "ಭಾವಾ, ಐಷಾರಾಮಿ ಗಾಡಿ, ಕಾಲು ಭಾಗದ ರೇಟಿಗೆ ಸಿಗ್ತಿದೆ. ಎಲ್ಲಾ ಕರೆಕ್ಟಾಗಿದೆ, ಸಣ್ಣಪುಟ್ಟ ಕೆಲಸ ಅಷ್ಟೇ" ಅಂದಿದ್ದ ಬಾಮೈದ. ಕಾಲು ಭಾಗದ ರೇಟಿಗೆ ಯಾಕೆ ಸಿಗ್ತಿದೆ ಎಂಬುದು 2022ರ ಬೇಸಿಗೆಯಲ್ಲಿ ದುಡ್ಡು ಕೊಟ್ಟು ಮನೆಗೆ ಬಂದ ಮೇಲೆ ಹೊಳೆಯಿತು. ಗಾಡಿಗೆ ಹದಿನೈದು ವರ್ಷ ತುಂಬುತ್ತಿತ್ತು. ರಿಜಿಸ್ಟ್ರೇಷನ್ ನವೀಕರಣ, ಎಫ್‌ಸಿ, ಒಳಗೆ ಮಾಡಿಸಿದ ಮಾರ್ಪಾಡಿಗೆಲ್ಲ ಆರ್‌ಟಿಓ ಒಪ್ಪಿಗೆ ಇದೆಯೋ ಇಲ್ಲವೋ ಎಂಬ ತಲೆನೋವು, ಎಲ್ಲವೂ ಗಾಡಿಯ ಜೊತೆಗೇ ನಮ್ಮನೆಗೆ ಬಂದವು. ಆ ಓಡಾಟದ ಕಥೆ ಬೇಡ. ಆ ನಾಲ್ಕು ತಿಂಗಳಲ್ಲಿ ನಾನು ತೋಟಕ್ಕಿಂತ ಜೆರಾಕ್ಸ್ ಅಂಗಡಿಯಲ್ಲೇ ಹೆಚ್ಚು ಹೊತ್ತು ಇದ್ದೆ.

ಮೊದಲ ಜಗಳ ಫ್ರಿಜ್ಜಿನ ಮೇಲೆ. ಅದು ವಿದೇಶಿ ಫ್ರಿಜ್ಜು. ಕರೆಂಟಿನಲ್ಲೂ ಓಡುತ್ತದೆ, ಗ್ಯಾಸಿನಲ್ಲೂ ಓಡುತ್ತದೆ. ಕಂಪ್ರೆಸರ್ ಇಲ್ಲ, ಸದ್ದಿಲ್ಲ. ಹಿಂದೆ ಸಣ್ಣ ಉರಿ ಹಚ್ಚಿದರೆ ಆ ಶಾಖಕ್ಕೆ ಪೈಪಿನೊಳಗಿನ ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ಇಳಿದು, ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಇದನ್ನು ಹೆಂಡತಿಗೆ ವಿವರಿಸಿದೆ.

"ಬೆಂಕಿ ಹಚ್ಚಿ ತಣ್ಣಗೆ ಮಾಡೋದಾ? ರೀ, ಮಾರಿದವನು ಹೇಳಿದ್ದನ್ನೆಲ್ಲ ಹಂಗೇ ನಂಬಿಬಿಟ್ರಾ?"

ವಿಜ್ಞಾನ ನನ್ನ ಪರವಾಗಿತ್ತು, ಆದರೆ ಫ್ರಿಜ್ಜು ಅವಳ ಪರ ನಿಂತಿತು. ಎರಡು ದಿನ ಉರಿಸಿದರೂ ಒಳಗಿಟ್ಟ ಹಾಲು ಮೊಸರಾಯಿತೇ ಹೊರತು ತಣ್ಣಗಾಗಲಿಲ್ಲ. ಆಮೇಲೆ ತಿಳಿದದ್ದು: ಈ ಜಾತಿಯ ಫ್ರಿಜ್ಜಿಗೆ ಗಾಡಿ ಸಪಾಟಾಗಿ ನಿಲ್ಲಬೇಕು. ಪೈಪಿನೊಳಗಿನ ದ್ರವ ತನ್ನ ಭಾರಕ್ಕೆ ತಾನೇ ಇಳಿದು ವಾಪಸು ಬರಬೇಕು. ವಾಲಿಕೊಂಡು ನಿಂತರೆ ಅಲ್ಲಲ್ಲೇ ನಿಂತುಬಿಡುತ್ತದೆ, ಹಾಗೇ ಉರಿಸಿದರೆ ಫ್ರಿಜ್ಜೇ ಕೆಡುತ್ತದೆ.

ಸಪಾಟು ಜಾಗ! ಮಲೆನಾಡಿನ ಕಾಫಿ ತೋಟದಲ್ಲಿ! ನಮ್ಮಲ್ಲಿ ನಿಂಬೆಹಣ್ಣು ಕೆಳಗೆ ಬಿದ್ದರೆ ಅದನ್ನು ಹಳ್ಳದಲ್ಲೇ ಹೋಗಿ ಹುಡುಕಬೇಕು. ಇಡೀ ಎಂಟು ಎಕರೆಯಲ್ಲಿ ಮಟ್ಟಸವಾಗಿರುವುದು ಒಂದೇ ಜಾಗ, ಕಾಫಿ ಒಣಗಿಸುವ ಸಿಮೆಂಟಿನ ಕಣ. ಗಾಡಿಯನ್ನು ಅಲ್ಲಿಗೆ ಹತ್ತಿಸಿ, ಅಡಿಗೆ ಕಟ್ಟೆಯ ಮೇಲೆ ಲೋಟದ ತುಂಬ ನೀರಿಟ್ಟು ನೋಡಿದರೆ ಅಲ್ಲೂ ಒಂದು ಕಡೆಗೆ ತುಳುಕಿತು. ಕಣ ಕಟ್ಟಿದ ಗಾರೆ ಮೇಸ್ತ್ರಿಗೆ ಫೋನು ಮಾಡಿದೆ. "ಸಾವ್ಕಾರ್ರೇ, ಮಳೆ ನೀರು ನಿಲ್ಬಾರ್ದು, ಓಟ ಕೊಡು ಅಂತ ನೀವೇ ಅಲ್ವಾ ನಿಂತು ಮಾಡಿಸಿದ್ದು?" ಅಂದ. ಹೌದು, ನಾನೇ. ಕೊನೆಗೆ ಎಡಗಡೆ ಗಾಲಿಗಳ ಕೆಳಗೆ ಸಿಲ್ವರ್ ಓಕ್ ಮರದ ಹಲಗೆ ಕೊಟ್ಟು, ಮೇಸ್ತ್ರಿಯ ಹತ್ತಿರವೇ ರಸಮಟ್ಟ ತಂದು ಇಟ್ಟು, ಗುಳ್ಳೆ ನಡುವಿಗೆ ಬರುವವರೆಗೂ ಒದ್ದಾಡಿ, ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗೈಯಗಲ ಐಸು! ಅದನ್ನು ತಟ್ಟೆಯಲ್ಲಿಟ್ಟುಕೊಂಡು ಹೆಂಡತಿಗೆ ತೋರಿಸಲು ಹೋದೆ. ಅವಳು ಕಡುಬಿನ ಹಿಟ್ಟು ತೊಳೆಸುತ್ತಿದ್ದವಳು ತಿರುಗಿಯೂ ನೋಡದೆ "ಮನೆ ಫ್ರಿಜ್ಜಲ್ಲೂ ಇದೆ" ಎಂದಳು.

ನವೆಂಬರಿಗೆ ಅರೇಬಿಕಾ ಕೊಯ್ಲು ಬಂತು, ಕಣ ಖಾಲಿ ಮಾಡಬೇಕಾಯಿತು, ನನ್ನ ಐಸು ಕರಗಿತು.

ಕಣದಿಂದ ಇಳಿಸಿದ್ದೇ ಆಯಿತು, ಒಂದು ಸುತ್ತು ಹೋಗಿಬರೋಣ ಎಂದು ಹಾಸನಕ್ಕೆ ಹೊರಟೆವು. ಬೇಲೂರು ದಾಟಿ ಹಗರೆ ಹತ್ತಿರ ಬರುವಾಗ ಹಿಂದಿನ ಟೈರು ಢಮಾರ್ ಎಂದಿತು. ಜಾಕು ಸೋಫಾದ ಕೆಳಗಿನ ಪೆಟ್ಟಿಗೆಯಲ್ಲಿ, ಸೋಫಾ ಎತ್ತಬೇಕಾದರೆ ಟೇಬಲ್ಲು ಮಡಚಬೇಕು, ಟೇಬಲ್ಲಿನ ಮೇಲೆ ಚಿತ್ರಾನ್ನ. ಪಂಕ್ಚರ್ ಅಂಗಡಿಯ ಹುಡುಗ ಬಂದು ಟೈರಿನ ಮಗ್ಗುಲಿಗೆ ಎಂಜಲು ಹಚ್ಚಿ ಉಜ್ಜಿ, ಅಲ್ಲಿದ್ದ ನಾಲ್ಕು ಅಂಕಿ ಓದಿದ. 2211.

"ಟೈರಿನ ಮೇಲಿನ ಬಟನ್ ಹಲ್ಲು ನೋಡಿ ತಗೊಂಡ್ರಾ ಸಾರ್? ಬಟನ್ ಚೆನ್ನಾಗೇ ಇರ್ತದೆ, ನಿಂತಲ್ಲೇ ನಿಂತಿರೋ ಗಾಡಿ ಅಲ್ವಾ. ಇದು 2011ನೇ ಇಸ್ವಿ, ಇಪ್ಪತ್ತೆರಡನೇ ವಾರದ ಮಾಲು. ಇದು ಹುಟ್ಟಿದಾಗ ನಾನು ಎರಡನೇ ಕ್ಲಾಸು."

ಮಗ್ಗುಲಲ್ಲಿ ಬೆರಳಿಟ್ಟು ತೋರಿಸಿದ. ಗದ್ದೆ ಬಿರುಕು ಬಿಟ್ಟ ಹಾಗೆ ಸಣ್ಣಸಣ್ಣ ಸೀಳು. ರಬ್ಬರಿಗೆ ಓಡಿದರೆ ಮಾತ್ರ ವಯಸ್ಸಾಗುವುದಲ್ಲ, ನಿಂತರೂ ಆಗುತ್ತದೆ. ಉಳಿದ ಐದೂ ಅದೇ ವಾರ ಹುಟ್ಟಿದ ಅಣ್ಣತಮ್ಮಂದಿರು. ಆರು ಟೈರಿಗೆ ಆ ವರ್ಷದ ಮೆಣಸು ಹೋಯಿತು.

ಆಮೇಲೆ ಬ್ಯಾಟರಿ. ಒಳಗಿನ ದೀಪ, ಫ್ಯಾನು, ನೀರಿನ ಮೋಟರಿಗೆ ಎರಡು ದೊಡ್ಡ ಸೀಸದ ಬ್ಯಾಟರಿ ಇದ್ದವು. ಒಂದೊಂದೂ ಎರಡಾಳು ಎತ್ತುವ ಭಾರ, ಶಕ್ತಿ ಮಾತ್ರ ಟಾರ್ಚಿನದು. ಅವನ್ನು ತೆಗೆಸಿ ನೂರು ಆಂಪಿಯರ್ ಅವರ್‌ನ ಒಂದು ಲಿಥಿಯಂ ಬ್ಯಾಟರಿ ಹಾಕಿಸು ಎಂದದ್ದೂ ಬಾಮೈದನೇ. "ಹಗುರ ಭಾವಾ, ಸೀಸದ್ದು ಅರ್ಧಕ್ಕಿಂತ ಕೆಳಗಿಳಿಸಿದ್ರೆ ಹಾಳು, ಇದು ಹೆಚ್ಚುಕಮ್ಮಿ ಪೂರ್ತಿ ಬಳಸಬಹುದು. ಎಸಿ ಹಾಕ್ಕೊಂಡು ರಾತ್ರಿಯೆಲ್ಲ ಮಲಗಿ."

ಲೆಕ್ಕ ಮಾಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. 12.8 ವೋಲ್ಟನ್ನು ನೂರರಿಂದ ಗುಣಿಸಿದರೆ 1280 ವಾಟ್ ಅವರ್. ಛಾವಣಿ ಮೇಲಿನ ಎಸಿ ಸಾವಿರದ ಇನ್ನೂರು ವಾಟ್ ಎಳೆಯುತ್ತದೆ. ರಾತ್ರಿಯೆಲ್ಲ ಎಂದರೆ ಎಂಟೂವರೆಯಿಂದ ಒಂಬತ್ತೂವರೆ. ಚಿಕ್ಕಮಗಳೂರಿನಲ್ಲಿ ಎಸಿ ಯಾಕೆ ಬೇಕು ಎಂದು ನೀವು ಕೇಳಬಹುದು. ಹೆಂಡತಿಯೂ ಕೇಳಿದಳು. ಇದೆಯಲ್ಲ, ಹಾಕಿ ನೋಡಬೇಡವಾ?

ಒಂಬತ್ತೂವರೆಗೆ ಎಲ್ಲ ಆರಿತು. ಬೆಳಿಗ್ಗೆ ಪೇಟೆಯಿಂದ ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದ. ಸೊನ್ನೆ. ಹತ್ತಲ್ಲ, ಎಂಟಲ್ಲ, ಶುದ್ಧ ಸೊನ್ನೆ. ಚಾರ್ಜರ್ ಹಾಕಿದರೂ ಚಾರ್ಜರಿನ ದೀಪ ಹತ್ತಲಿಲ್ಲ. "ಸತ್ತೋಗಿದೆ ಸಾವ್ಕಾರ್ರೇ" ಎಂದು ಮೀಟರ್ ಮಡಚಿಟ್ಟ. ಒಂದು ಟನ್ ಗೊಬ್ಬರದ ಬೆಲೆಯ ಬ್ಯಾಟರಿ! ಡಬ್ಬದ ಜೊತೆ ಬಂದ ಪುಸ್ತಕವನ್ನು ಆಗ ಮೊದಲ ಸಲ ಬಿಡಿಸಿದೆ. ಅದು ಸತ್ತಿರಲಿಲ್ಲ, ಮಲಗಿತ್ತು. ತೀರಾ ಇಳಿದಾಗ ಒಳಗಿನ ಕಾವಲುಗಾರ ಸರ್ಕ್ಯೂಟು ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತದಂತೆ. ಬ್ಯಾಟರಿ ತಾನು ಇದ್ದೇನೆಂದು ತೋರಿಸದೆ ಹಳೇ ಚಾರ್ಜರು ಕರೆಂಟು ಕೊಡುವುದಿಲ್ಲ, ಚಾರ್ಜರು ಕೊಡದೆ ಬ್ಯಾಟರಿ ಏಳುವುದಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರ ಪಂಚಾಯಿತಿ. ಕೊನೆಗೆ ಜೀಪಿನ ಬ್ಯಾಟರಿಯಿಂದ ವೈರು ಎಳೆದು ಅರೆ ನಿಮಿಷ ತಾಗಿಸಿದಾಗ ಎದ್ದು ಕೂತಿತು. ಎದ್ದಿದ್ದೇ ತಡ, ಬಾಗಿಲ ಮೇಲಿನ ಸ್ಪೀಕರಿನಲ್ಲಿ ಯಾವುದೋ ಹೆಂಗಸಿನ ದನಿ "ವೆಲ್ಕಮ್" ಎಂದಿತು. ಎಲೆಕ್ಟ್ರಿಷಿಯನ್ ಮೂರು ಮೆಟ್ಟಿಲು ಒಂದೇ ಸಲ ಇಳಿದ. ಹೊಸ ಬ್ಯಾಟರಿಗೆ ಹೊಂದುವ ಹೊಸ ಚಾರ್ಜರೂ ತರಬೇಕಾಯಿತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಸಹಿಸಬಹುದಿತ್ತು. ನನ್ನನ್ನು ನಿಜವಾಗಿ ಅರೆದದ್ದು ಸೋರಿಕೆ.

ಆರಿದ್ರಾ ಮಳೆ ಹಿಡಿದ ಮೂರನೇ ದಿನ ಸೋಫಾ ಮೇಲೆ ಟಪ್ ಎಂದಿತು. ಮೇಲೆ ಹತ್ತಿ ಸೋಫಾದ ನೇರಕ್ಕೆ ಛಾವಣಿ ತಡವಿದೆ, ತೂತಿಲ್ಲ. ಅಲ್ಲೇ ಒಂದು ಟ್ಯೂಬು ಸಿಲಿಕಾನ್ ಬಳಿದು ಇಳಿದೆ. ಪುನರ್ವಸುವಿಗೆ ಮಂಚದ ಮೇಲೆ ಸೋರಿತು. ಅಲ್ಲೂ ಬಳಿದೆ. ಪುಷ್ಯಕ್ಕೆ ಎರಡೂ ಕಡೆ ಸೋರಿತು. ಹಂಚಿನ ಮನೆಯಲ್ಲಿ ಹುಟ್ಟಿದವನು ನಾನು, ಹನಿ ಬಿದ್ದಲ್ಲಿ ತಲೆಯೆತ್ತಿದರೆ ಒಡೆದ ಹಂಚು ಕಾಣುತ್ತದೆ ಎಂದೇ ನಂಬಿದವನು. ಈ ಗಾಡಿಯಲ್ಲಿ ಮೇಲಿನ ತಗಡಿಗೂ ಕೆಳಗಿನ ಪ್ಲೈವುಡ್ಡಿಗೂ ನಡುವೆ ಸಂದಿ ಇದೆ. ನೀರು ಒಂದು ಕಡೆ ಒಳಹೊಕ್ಕು, ಆ ಸಂದಿಯಲ್ಲೇ ಊರೆಲ್ಲ ಸುತ್ತಿ, ತನಗಿಷ್ಟ ಬಂದಲ್ಲಿ ಇಳಿಯುತ್ತದೆ. ಗಾಡಿ ಯಾವ ಕಡೆ ವಾಲಿದೆಯೋ ಆ ಕಡೆ ಸೋರುತ್ತದೆ!

ನಿಜವಾದ ಬಾಯಿ ಇದ್ದದ್ದು ಸೋಫಾದಿಂದ ಎಂಟಡಿ ಹಿಂದೆ, ಎಸಿಯ ಅಂಚಿನಲ್ಲಿ. ಅಲ್ಲಿ ಹಿಂದಿನ ಮಾಲೀಕರು ಸಿಲಿಕಾನಿನ ಮೇಲೆ ಸಿಲಿಕಾನ್ ಬಳಿಸಿ ಹೆಬ್ಬೆರಳು ದಪ್ಪ ಮಾಡಿದ್ದರು. ಹಳೇ ಸಿಲಿಕಾನಿಗೆ ಹೊಸತು ಕಚ್ಚಿಕೊಳ್ಳುವುದಿಲ್ಲ. ಮೇಲೆ ಹೊಳೆಯುತ್ತಿರುತ್ತದೆ, ಅಡಿಯಲ್ಲಿ ಕಾಲುವೆ ಹರಿಯುತ್ತಿರುತ್ತದೆ. ಮಳೆ ಬಿಡುವು ಕೊಟ್ಟ ಮೂರು ದಿನ ಬೋರಲು ಮಲಗಿ, ಪುಟ್ಟಿ ಹಾಕುವ ಪಟ್ಟಿಯಿಂದ ಹೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಬ್ಯೂಟೈಲ್ ಟೇಪ್ ಒತ್ತಿ, ಮೇಲೆ ಛಾವಣಿಗೆಂದೇ ಬರುವ ಅಂಟು ಸುರಿದೆ. ಕೆಳಗೆ ಹೋಗುತ್ತಿದ್ದ ಆಳುಗಳು ನಿಂತು ನೋಡುತ್ತಿದ್ದರು. "ಅಣ್ಣಾ, ಟಾರ್ಪಾಲ್ ಹೊದೆಸಿಬಿಟ್ರೆ ಆಗಲ್ವಾ?" ಎಂದ ಒಬ್ಬ. ಐಷಾರಾಮಿ ಗಾಡಿಗೆ ಟಾರ್ಪಾಲಾ ಎಂದು ಅವನ ಮೇಲೆ ರೇಗಿದೆ. ಆಶ್ಲೇಷಾ ಮಳೆ ಹಗಲೂ ರಾತ್ರಿ ಹೊಡೆಯಿತು. ಟಾರ್ಚು ಹಿಡಿದು ಒಳಗೇ ಮಲಗಿದೆ. ಒಂದು ಹನಿ ಬೀಳಲಿಲ್ಲ. ಹೆಂಡತಿಯನ್ನು ಕರೆದು ಒಣಗಿದ ಸೋಫಾ ಮುಟ್ಟಿಸಿದೆ. ಮುಟ್ಟಿ, "ಹ್ಞೂಂ" ಅಂದಳು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅಷ್ಟು ದೊಡ್ಡ ಸರ್ಟಿಫಿಕೇಟು ಸಿಕ್ಕಿರಲಿಲ್ಲ.

ಅದೇ ಶ್ರಾವಣದಲ್ಲಿ ಹಾಸನದಲ್ಲಿ ಬಾಮೈದನ ಮಗಳ ಮದುವೆ. ಗಾಡಿಯನ್ನು ತರಲೇಬೇಕೆಂದು ಹಟ ಹಿಡಿದ. ಮದುಮಗಳ ಅಲಂಕಾರಕ್ಕಂತೆ. ಛತ್ರದ ಮುಂದೆ ನಿಲ್ಲಿಸಿದೆವು. ಬ್ಯಾಟರಿ ಎಚ್ಚರವಾಗಿತ್ತು, ಟೈರು ಹೊಸತು, ಫ್ರಿಜ್ಜಿನಲ್ಲಿ ಮಲ್ಲಿಗೆ ದಂಡೆ ತಣ್ಣಗಿತ್ತು. ಗಂಡಿನ ಕಡೆಯವರು ಗುಂಪುಗೂಡಿದರು. ರೇಷ್ಮೆ ಪಂಚೆ, ಹೊಸ ಶಲ್ಯ ಹೊದ್ದ ಬಾಮೈದ ಬೀಗರಿಗೆ ಒಂದೊಂದಾಗಿ ತೋರಿಸತೊಡಗಿದ. "ಇದೆಲ್ಲ ನಾನೇ ನಿಂತು ಮಾಡಿಸಿದ್ದು. ಇಲ್ಲಿ ನೋಡಿ, ಗುಂಡಿ ಒತ್ತಿದ್ರೆ ಸಾಕು, ನೆರಳು."

ನಾನು ಒಳಗಿನಿಂದ ಬೇಡ ಬೇಡ ಎಂದು ಕೂಗುವಷ್ಟರಲ್ಲಿ ಒತ್ತಿಯಾಗಿತ್ತು. ಆ ಶಾಮಿಯಾನವನ್ನು ಇಡೀ ಮಳೆಗಾಲ ಯಾರೂ ಬಿಚ್ಚಿರಲಿಲ್ಲ. ಸುರುಳಿ ಬಿಗಿಯಾಗದೆ ಮೇಲೆ ತೊಟ್ಟಿಲಿನ ಹಾಗೆ ಜೋತುಬಿದ್ದಿತ್ತು. ಆರಿದ್ರಾದಿಂದ ಆಶ್ಲೇಷಾದವರೆಗಿನ ಉಳಿಕೆ ನೀರು, ಸಿಲ್ವರ್ ಎಲೆ, ಕಪ್ಪು ಗೊಜ್ಜಿನಂಥ ಕೆಸರು, ಒಂದು ಮರಗಪ್ಪೆ, ಎಲ್ಲ ಒಂದೇ ಸಲಕ್ಕೆ ಬಾಮೈದನ ನೆತ್ತಿಯ ಮೇಲೆ ಇಳಿಯಿತು. ವಾಲಗದವರು ನುಡಿಸುವುದನ್ನು ನಿಲ್ಲಿಸಿದರು. ಬೀಗರ ಶಲ್ಯಕ್ಕೂ ನಾಲ್ಕು ಹನಿ ಸಿಡಿದಿತ್ತು.

ನನ್ನ ಹೆಂಡತಿ ಟವೆಲು ತಂದು ತಮ್ಮನ ತಲೆ ಒರೆಸುತ್ತ ಬೀಗರ ಕಡೆ ತಿರುಗಿದಳು.

"ಗಾಡಿ ಒಳಗೆ ಮಾತ್ರ ಒಂದು ಹನಿಯೂ ಸೋರಲ್ಲ, ಬೇಕಾದ್ರೆ ಹತ್ತಿ ನೋಡಿ."