ಡಾಂಬರಿನ ಹಂಗಾಮು

ದಸರೆ ಕಳೆದು ತುಂಗಭದ್ರಾ ಹೊಳೆ ಇಳಿಯುತ್ತಿದ್ದಂತೆ ಆನೆಗೊಂದಿಯ ನಮ್ಮ ಓಣಿಯಲ್ಲಿ ಡಾಂಬರು ಕುದಿಯಲು ಶುರುವಾಗುತ್ತದೆ. ಒಣಹಾಕಿದ ಬಟ್ಟೆ, ಮಡಿಸಿಟ್ಟ ಹಾಸಿಗೆ, ಕೊನೆಗೆ ಬೆಳಗಿನ ಚಹಾ ಕೂಡ ಅದೇ ವಾಸನೆ ಹೊಡೆಯುತ್ತದೆ. ಈ ಸಲ ಪಕ್ಕದ ಮನೆಯ ಕಾಕಾ ತಮ್ಮ ಹರಿಗೋಲನ್ನು, ಅಂದರೆ ಬುಟ್ಟಿಯಂಥ ದುಂಡು ದೋಣಿಯನ್ನು, ನೀರು ಸೋರದಂತೆ ಡಾಂಬರು ಬಳಿಯಲೆಂದು ತಂದು ನಮ್ಮ ಬಾಗಿಲ ಮುಂದೆಯೇ ಬೋರಲು ಹಾಕಿದರು. ಮೂರು ಕಲ್ಲು ಹೂಡಿ ಡಾಂಬರಿನ ಡಬ್ಬಿ ಇಟ್ಟರು. "ಓಣಿಗೆಲ್ಲ ಇಲ್ಲಿ ಮಾತ್ರ ನೆರಳಿದೆ, ತಮ್ಮಾ" ಎಂದರು. ನೆರಳು ನಮ್ಮ ಬೇವಿನ ಮರದ್ದು. ನೆರಳಿಗೆ ಬಾಡಿಗೆ ಕೇಳುವ ಪದ್ಧತಿ ಇನ್ನೂ ಬಂದಿಲ್ಲವಾದ್ದರಿಂದ ಸುಮ್ಮನೆ ನಕ್ಕೆ.

ಹರಿಗೋಲು ಸಜ್ಜಾಗುವುದನ್ನು ನೋಡುತ್ತ ಕಟ್ಟೆಯ ಮೇಲೆ ಕುಳಿತಿದ್ದಾಗ ನನಗೆ ಬದುಕಿನ ಬಗ್ಗೆ ಒಂದು ದೊಡ್ಡ ವಿಚಾರ ಹೊಳೆಯಿತು. ಅದನ್ನು ಹೇಳುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ಧೋತರದ ಸಂಗತಿ ಮುಗಿಸಬೇಕು.

ಗಂಗಾವತಿಯಲ್ಲಿ ಬೀಗರ ಮನೆಯ ಗೃಹಪ್ರವೇಶವಿತ್ತು. ಅದಕ್ಕೆಂದು ಉಟ್ಟಿದ್ದ ಬಿಳಿ ಧೋತರದ ಮೇಲೆ, ಕಾಕಾ ಅರಿವೆ ಸುತ್ತಿದ ಕೋಲನ್ನು ಒಮ್ಮೆ ಝಾಡಿಸಿದ ರಭಸಕ್ಕೆ, ಕಡಲೆಕಾಳಿನಷ್ಟು ಡಾಂಬರು ಬಂದು ಕುಳಿತಿತು. ಬೋರಲು ಬಿದ್ದ ಹರಿಗೋಲಿನ ಸುತ್ತ ಕೆಲಸವಿಲ್ಲದವರು ಸೇರುವುದು ಇದ್ದದ್ದೇ. ಅಲ್ಲಿಯವರೆಗೆ "ಕೆಳಗೆ ದಪ್ಪ ಬಳಿ, ಅಂಚಿಗೆ ತೆಳ್ಳಗೆ ಸಾಕು" ಎಂದು ಕಾಕಾನಿಗೆ ಬುದ್ಧಿ ಹೇಳುತ್ತಿದ್ದ ಮಂದಿ ಒಮ್ಮೆಲೇ ನನ್ನ ಕಡೆ ತಿರುಗಿದರು. ಒಬ್ಬರು ಸೀಮೆಎಣ್ಣೆ ಎಂದರು. ಮನೆಮನೆಗೆ ಗ್ಯಾಸ್ ಬಂದ ಮೇಲೆ ಸೀಮೆಎಣ್ಣೆ ಎಲ್ಲಿಂದ ತರುವುದು? ಇನ್ನೊಬ್ಬರು ಬೆಣ್ಣೆ ಎಂದರು, ಅವರ ಮನೆಯಲ್ಲಿ ಎಮ್ಮೆಯಿದೆ. ಕೊನೆಗೆ ಶೇಂಗಾ ಎಣ್ಣೆ ಹಚ್ಚಿ ತಿಕ್ಕಿದಾಗ ಡಾಂಬರು ನಿಜಕ್ಕೂ ಕರಗಿತು, ಆದರೆ ಅಂಗೈಯಗಲ ಎಣ್ಣೆಯ ಕಲೆ ಉಳಿಯಿತು. ಎಣ್ಣೆಗೆ ಕಡಲೆಹಿಟ್ಟು ಮದ್ದು ಎಂದು ಎದುರು ಮನೆಯ ಅತ್ತಿ ಓಡಿಹೋಗಿ ತಂದುಕೊಟ್ಟರು. ಅದು ದೀಪಾವಳಿಯ ನೀರಿಗೆಂದು ಮಾಡಿಟ್ಟಿದ್ದ ಹಿಟ್ಟು, ಅದಕ್ಕೆ ಅರಿಸಿನ ಬೆರೆಸಿತ್ತು. ಧೋತರ ಹಳದಿಯಾಯಿತು. ಹಳದಿ ಹೋಗಲೆಂದು ನಮ್ಮ ಮನೆಯವಳು ಬಾರ್ ಸೋಪು ಹಚ್ಚಿದ್ದೇ ತಡ, ಹಳದಿಯೆಲ್ಲ ಕೆಂಪಾಯಿತು. ಅರಿಸಿನಕ್ಕೆ ಕ್ಷಾರ ತಾಗಿದರೆ ಕೆಂಪೇರುತ್ತದೆ, ಅರಿಸಿನಕ್ಕೆ ಸುಣ್ಣ ಕೂಡಿಸಿ ಕುಂಕುಮ ಮಾಡುವುದು ಹಾಗೆಯೇ ಎಂದು ಹೈಸ್ಕೂಲಿನ ಹುಡುಗನೊಬ್ಬ ಆಗ ವಿವರಿಸಿದ. ಮೊದಲೇ ಹೇಳಬಹುದಿತ್ತು. ಹುಳಿ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ ಎಂದೂ ಅವನೇ ಹೇಳಿದ, ಹುಣಿಸೆಹಣ್ಣು ಕಿವುಚಿ ಹಾಕಿದೆವು. ಹಳದಿ ಮರಳಿತು, ಜೊತೆಗೆ ಹುಣಿಸೆಯ ಕಂದೂ ಸೇರಿತು. ಅರಿಸಿನ ಬಿಸಿಲಿಗೆ ತಾನಾಗಿ ಬಿಟ್ಟುಹೋಗುತ್ತದೆ, ಒಣಹಾಕಿರಿ ಎಂದು ಎಲ್ಲರೂ ಒಕ್ಕೊರಲಿನಿಂದ ತೀರ್ಪು ಕೊಟ್ಟು ಚಹಾಕ್ಕೆ ಹೋದರು. ಪ್ಯಾಂಟು ಹಾಕಿಕೊಂಡು ಗಂಗಾವತಿ ಮುಟ್ಟುವಷ್ಟರಲ್ಲಿ ಹೋಳಿಗೆ ಮುಗಿದಿತ್ತು.

ಕಾಕಾ ಮಾತ್ರ ಈ ಗದ್ದಲದಲ್ಲಿ ಒಮ್ಮೆಯೂ ತಲೆ ಎತ್ತಿರಲಿಲ್ಲ. ಅವರಿಗೆ ಅವರದೇ ಅವಸರ. ಹೊಳೆ ತುಂಬಿದ್ದಾಗ ಹರಿಗೋಲು ಇಳಿಸಬಾರದೆಂದು ಆಡಳಿತದ ಆಜ್ಞೆ ಬರುತ್ತದೆ, ಬರಬೇಕಾದ್ದೇ. ಬೇಸಿಗೆಯಲ್ಲಿ ಬಂಡೆಗಳೆಲ್ಲ ಮೇಲೆದ್ದು, ಅಲ್ಲಲ್ಲಿ ಜನ ಧೋತರ ಎತ್ತಿಕಟ್ಟಿ ನಡೆದೇ ದಾಟುತ್ತಾರೆ. ನಡುವೆ ಉಳಿದದ್ದೇ ಹಂಗಾಮು. ಅದನ್ನೂ ನಂಬುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯದ ಮಟ್ಟ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ಮರುವರ್ಷ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸುವುದಿಲ್ಲವೆಂದರು. ಹೊಳೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಹಿಂದೆ ಕಾಕಾ ಬಂಡೆಯ ಮೇಲಿನ ಗುರುತು ನೋಡಿ ಹೇಳುತ್ತಿದ್ದರು. ಈಗ ಮೊಮ್ಮಗನ ಮೊಬೈಲಿನಲ್ಲಿ ಒಳಹರಿವು, ಹೊರಹರಿವು ಕೇಳಿ ತಿಳಿದುಕೊಳ್ಳುತ್ತಾರೆ. ಡಾಂಬರನ್ನಂತೂ ಪ್ರತಿ ವರ್ಷ ಕಾಯಿಸುತ್ತಾರೆ, ನಮ್ಮ ನೆರಳಿನಲ್ಲಿ.

ಈಗ ವಿಚಾರಕ್ಕೆ ಬರುತ್ತೇನೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ನಮ್ಮ ಹರಿಗೋಲನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ. ಆದರೆ ಬೇರೆ ದೋಣಿಗಳ ಹಾಗೆ ನೆಟ್ಟಗೆ ಹೋಗುವುದಿಲ್ಲ, ಸದಾ ತಿರುಗುತ್ತಲೇ ಇರುತ್ತವೆ. ಚರ್ಮದ ಜಾಗದಲ್ಲಿ ಈಗ ಗೊಬ್ಬರದ ಚೀಲ ಬಂದಿದೆ. ಕಾಕಾನ ಹರಿಗೋಲಿನಲ್ಲಿ ಯೂರಿಯಾ ಎಂಬ ಅಕ್ಷರಗಳು ಕೊನೆಯವರೆಗೂ ಡಾಂಬರಿಗೆ ಬಗ್ಗಲಿಲ್ಲ. ತಿರುಗುವುದು ಮಾತ್ರ ಹಾಗೇ ಇದೆ. ಪಯಸ್ ಕೊರತೆಯೆಂದು ಬರೆದುಕೊಂಡದ್ದಕ್ಕೇ ಸಾಣಾಪುರದ ಕೆರೆಯಲ್ಲಿ ಇಂದು ಜನ ದುಡ್ಡು ಕೊಡುತ್ತಾರೆ. ನಡುನೀರಿಗೆ ಹೋಗಿ ಗರಗರನೆ ತಿರುಗಿಸು ಎನ್ನುತ್ತಾರೆ, ತಿರುಗಿಸಿದರೆ ಕಿರುಚುತ್ತಾರೆ, ಕಿರುಚಿದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಸುತ್ತ ಅಷ್ಟು ಚಂದದ ಬಂಡೆಗಳಿವೆ, ಒಂದನ್ನಾದರೂ ಕಣ್ಣಿಟ್ಟು ನೋಡುವುದಿಲ್ಲ. ನನಗಿದು ಸೇರುವುದಿಲ್ಲ. ಹೊಳೆಯ ನಡುಗಡ್ಡೆಯಲ್ಲಿರುವ ಒಂಬತ್ತು ಯತಿಗಳ ಸಮಾಧಿ ನವಬೃಂದಾವನಕ್ಕೆ ಹೋಗುವ ಭಕ್ತರೂ ಇದ್ದಾರೆ, ಮಂತ್ರ ಹೇಳಿಕೊಳ್ಳುತ್ತ ತಣ್ಣಗೆ ಕುಳಿತಿರುತ್ತಾರೆ. ಭಯ ಅವರಿಗೂ ಇರುತ್ತದೆ, ಕೂಗುವುದಿಲ್ಲ ಅಷ್ಟೇ.

ಡಾಂಬರು ಒಣಗಿದ ಮೇಲೆ ನಾಲ್ಕು ಹುಡುಗರು ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡಕ್ಕೆ ತಂದರು. ಕಾಕಾ ಊದುಬತ್ತಿ ಹಚ್ಚಿ, ಕಾಯಿ ಒಡೆದು, ಕೈಯಲ್ಲಿ ಹುಟ್ಟು ಹಿಡಿದು ನಿಂತರು.

"ಬೋಣಿ ನೀವೇ ಮಾಡಿರಿ, ತಮ್ಮಾ. ತಿರುಗಿಸಬೇಕೆಂದರೆ ಮಾತ್ರ ನೂರು ರೂಪಾಯಿ ಬೇರೆ."

"ತಿರುಗಿಸುವುದು ಬೇಡ ಕಾಕಾ, ನೆಟ್ಟಗೆ ಹೋಗೋಣ."

ಅವರು ಹೊಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ನೆಟ್ಟಗೆ ಹೋಗುವುದಕ್ಕೆ ಇನ್ನೂರು."